ರೋಬೋಟಿನ ಕಣ್ಣು, ಅಪ್ಪನ ಎಡಗಡೆ

ಓದೋದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಮೊಬೈಲನ್ನು ಪಕ್ಕಕ್ಕಿಡಿ. (ಮೆಟ್ರೋದಲ್ಲಿ ನಿಂತಿದ್ದರೆ ಬೇಡ, ಮನೆಗೆ ಹೋದ ಮೇಲೆ ಮಾಡಿ. ಅಕ್ಕಪಕ್ಕದವರು ಏನೋ ಅಂದ್ಕೋತಾರೆ.) ಎರಡೂ ಕೈ ಮುಂದಕ್ಕೆ ಚಾಚಿ, ಹೆಬ್ಬೆರಳುಗಳನ್ನು ಮೇಲಕ್ಕೆತ್ತಿ ಅಕ್ಕಪಕ್ಕ ಹಿಡಿಯಿರಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ದಿಟ್ಟಿಸ್ತಾ, ಬಲ ಹೆಬ್ಬೆರಳನ್ನು ನಿಧಾನಕ್ಕೆ ಬಲಗಡೆ ಸರಿಸುತ್ತಾ ಹೋಗಿ. ಒಂದು ಗೇಣಿಗೆ ಸ್ವಲ್ಪ ಕಡಿಮೆ ದೂರ ಹೋಗೋ ಹೊತ್ತಿಗೆ ಆ ಬೆರಳಿನ ತುದಿ ಮಾಯವಾಗುತ್ತೆ. ಕಣ್ಣು ಮಾತ್ರ ಎಡ ಹೆಬ್ಬೆರಳು ಬಿಟ್ಟು ಅಲುಗಬಾರದು.

ಮಾಯವಾದ ಜಾಗದಲ್ಲಿ ಏನು ಕಾಣಿಸ್ತು? ಕಪ್ಪು ಚುಕ್ಕೆ ಅಲ್ಲ, ತೂತೂ ಅಲ್ಲ. ಹಿಂದಿನ ಗೋಡೆ ಕಾಣಿಸಿರುತ್ತೆ, ಅಲ್ಲಿ ಬೆರಳೇ ಇಲ್ಲವೇನೋ ಅನ್ನೋ ಹಾಗೆ.

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯೋ ಪರದೆ ಇದೆಯಲ್ಲ, ಅಕ್ಷಿಪಟ ಅಥವಾ ರೆಟಿನಾ, ಅದರಿಂದ ನರಗಳೆಲ್ಲ ಒಟ್ಟಾಗಿ ಮೆದುಳಿನ ಕಡೆ ಹೊರಡೋ ಜಾಗದಲ್ಲಿ ಬೆಳಕು ಹಿಡಿಯೋ ಕೋಶಗಳೇ ಇಲ್ಲ. ಪ್ರತಿ ಕಣ್ಣಲ್ಲೂ ಇಂಥ ಒಂದು ಕುರುಡು ಜಾಗ ಇದೆ. 1660ರ ದಶಕದಲ್ಲಿ ಮಾರಿಯೊಟ್ ಅನ್ನೋ ಫ್ರೆಂಚ್ ವಿಜ್ಞಾನಿ ಇದನ್ನು ತೋರಿಸಿಕೊಡೋ ತನಕ ಯಾರಿಗೂ ಇದು ಗೊತ್ತಿರಲಿಲ್ಲ. ಗೊತ್ತಾಗೋದಾದರೂ ಹೇಗೆ? ಸುತ್ತ ಏನಿದೆಯೋ ಅದನ್ನೇ ಎಳೆದು ಮೆದುಳು ಆ ಜಾಗಕ್ಕೆ ತೇಪೆ ಹಾಕಿಬಿಡುತ್ತೆ.

ಈ ತೇಪೆ ವಿಚಾರ ಈ ವರ್ಷ ನನ್ನ ಆಫೀಸಿಗೂ ಬಂತು, ಮನೆಗೂ ಬಂತು. ಹೋದ ಕಂತಿನಲ್ಲಿ ಕೋಡ್ ರಿವ್ಯೂ ಜಗಳಗಳ ಬಗ್ಗೆ ನಗ್ತಾ ನಗ್ತಾ ಬರೆದಿದ್ದೆ. ಈ ಸಲ ಅಷ್ಟು ನಗು ಇರಲ್ಲ.

ನಮ್ಮ ಕಂಪನಿಯಲ್ಲಿ ಗೋಡೌನುಗಳಲ್ಲಿ ಸಾಮಾನು ಸಾಗಿಸೋ ರೋಬೋಟುಗಳನ್ನು ಮಾಡ್ತೀವಿ. ಸಿನಿಮಾದ ಚಿಟ್ಟಿಯನ್ನು ಕಲ್ಪಿಸಿಕೊಳ್ಳಬೇಡಿ. ಚಕ್ರ ಇರೋ ದೊಡ್ಡ ಟೀಪಾಯಿ ಅಂದ್ಕೊಳ್ಳಿ, ಮುಂದುಗಡೆ ಎರಡು ಕ್ಯಾಮೆರಾ. ಆ ಕ್ಯಾಮೆರಾ ನೋಡಿದ್ದನ್ನು ಅರ್ಥ ಮಾಡಿಕೊಳ್ಳೋ ಸಾಫ್ಟ್‌ವೇರ್ ನನ್ನ ಟೀಮಿನದ್ದು. ನಾನು ಸೇರಿದ ಹೊಸದರಲ್ಲಿ ನಮಗೆ ದೊಡ್ಡ ತಲೆನೋವು ಆಗಿದ್ದದ್ದು ಒಂದು ಶಟರ್ ಬಾಗಿಲು. ಲಾರಿಗೆ ಲೋಡ್ ಮಾಡೋಕೆ ಅಂತ ಅದನ್ನು ಎತ್ತಿದ ತಕ್ಷಣ ಹೊರಗಿನ ಬಿಸಿಲು ಒಳಗೆ ನುಗ್ಗುತ್ತೆ, ರೋಬೋಟು ನಿಂತಲ್ಲೇ ನಿಲ್ಲುತ್ತೆ. ಗೋಡೌನಿನ ಒಳಗೆ 300 ಲಕ್ಸ್ ಬೆಳಕಿದ್ದರೆ ಹೆಚ್ಚು. ಮಧ್ಯಾಹ್ನದ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಸಾಮಾನ್ಯ ಕ್ಯಾಮೆರಾ ಒಂದೇ ಚಿತ್ರದಲ್ಲಿ ಹೆಚ್ಚುಕಮ್ಮಿ ಸಾವಿರ ಪಟ್ಟು ವ್ಯತ್ಯಾಸವನ್ನು ಹಿಡಿಯಬಲ್ಲದು, ಅದರಾಚೆಗೆ ಕೈ ಚೆಲ್ಲುತ್ತೆ. ಬಾಗಿಲನ್ನು ಸರಿಯಾಗಿ ತೋರಿಸಿದರೆ ಒಳಗೆಲ್ಲ ಕಗ್ಗತ್ತಲು, ಒಳಗನ್ನು ತೋರಿಸಿದರೆ ಬಾಗಿಲು ಸುಣ್ಣ ಬಳಿದ ಹಾಗೆ.

ಅದೇ ಬಾಗಿಲಲ್ಲಿ ಮೂಟೆ ಹೊತ್ತ ಮನುಷ್ಯ ಒಂದು ಸಲ ಕಣ್ಣು ಕಿರಿದು ಮಾಡಿ ನಡೆದುಕೊಂಡು ಹೋಗ್ತಾ ಇರ್ತಾನೆ. ಅವನ ಕಣ್ಣು ಏನು ಮಾಡ್ತು?

ಪಾಪೆ ಸಣ್ಣ ಆಯ್ತು ಅಂತೀರ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಲೆಕ್ಕ ಹಾಕಿ: ಪಾಪೆಯ ಅಡ್ಡಳತೆ ಹೆಚ್ಚೆಂದರೆ 8 ಮಿಲಿಮೀಟರಿನಿಂದ 2ಕ್ಕೆ ಇಳಿಯುತ್ತೆ. ಅಂದರೆ ಒಳಗೆ ಬರೋ ಬೆಳಕು 16 ಪಟ್ಟು ಕಮ್ಮಿ ಆಗುತ್ತೆ, ಅಷ್ಟೇ. ಮಿಕ್ಕ ಕೆಲಸವನ್ನೆಲ್ಲ ಮಾಡೋದು ರೆಟಿನಾ. ಅಲ್ಲಿ ಬೆಳಕು ಹಿಡಿಯೋ ಕೋಶಗಳು ಸುಮಾರು 12 ಕೋಟಿ. ಅಲ್ಲಿಂದ ಮೆದುಳಿಗೆ ಹೋಗೋ ನರತಂತುಗಳು ಸುಮಾರು 10 ಲಕ್ಷ ಮಾತ್ರ. ನೂರಕ್ಕೂ ಹೆಚ್ಚು ಜನ ಹೇಳಿದ್ದನ್ನು ಒಬ್ಬ ತಲುಪಿಸಬೇಕು. ಹಾಗಾಗಿ ರೆಟಿನಾ ಚಿತ್ರವನ್ನು ಕಳಿಸೋದೇ ಇಲ್ಲ. ಪ್ರತಿ ಜಾಗವೂ ತನ್ನ ಸುತ್ತಲಿನ ಸರಾಸರಿ ಬೆಳಕಿಗೆ ಹೋಲಿಸಿ, "ನಾನು ಇಷ್ಟು ಹೆಚ್ಚು, ಇಷ್ಟು ಕಮ್ಮಿ" ಅಂತ ವ್ಯತ್ಯಾಸವನ್ನಷ್ಟೇ ಹೇಳುತ್ತೆ. ಬಿಸಿಲಿನ ಜಾಗ ಬಿಸಿಲಿನ ಲೆಕ್ಕದಲ್ಲಿ, ನೆರಳಿನ ಜಾಗ ನೆರಳಿನ ಲೆಕ್ಕದಲ್ಲಿ. ಒಂದೇ ಕಣ್ಣೊಳಗೆ ಬೇರೆ ಬೇರೆ ಜಾಗ ಬೇರೆ ಬೇರೆ ಬೆಳಕಿಗೆ ಹೊಂದಿಕೊಂಡಿರುತ್ತೆ.

ಇದನ್ನು ಮೊದಲು ಚಿಪ್ಪಿಗೆ ಇಳಿಸಿದವಳು ಮಿಶಾ ಮಹೊವಾಲ್ಡ್. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ, ಕಾರ್ವರ್ ಮೀಡ್ ಎಂಬ ಚಿಪ್ ವಿನ್ಯಾಸದ ದೊಡ್ಡ ಪ್ರೊಫೆಸರ್ ಜೊತೆ ಕೂತು, ರೆಟಿನಾದ ಕೋಶಗಳ ಪದರಗಳನ್ನೇ ಟ್ರಾನ್ಸಿಸ್ಟರುಗಳಲ್ಲಿ ಕಟ್ಟಿದಳು. ಬೆಳಕು ಹಿಡಿಯೋಕೆ ಒಂದು ಪದರ. ಸುತ್ತಲಿನ ಸರಾಸರಿ ತೆಗೆಯೋಕೆ ಬಲೆಯಂಥ ಇನ್ನೊಂದು ಪದರ. ಎರಡರ ವ್ಯತ್ಯಾಸ ಹೇಳೋಕೆ ಮತ್ತೊಂದು. ಅದಕ್ಕೆ ಸಿಲಿಕಾನ್ ರೆಟಿನಾ ಅಂತ ಹೆಸರಾಯ್ತು. ನಮ್ಮ ಕಣ್ಣು ಮೋಸಹೋಗೋ ಕೆಲವು ಭ್ರಮೆಗಳಿಗೆ ಆ ಚಿಪ್ಪೂ ಮೋಸಹೋಗ್ತಿತ್ತು. ಎಂಜಿನಿಯರುಗಳಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ. ಅವಳು 1996ರಲ್ಲಿ, ಮೂವತ್ತಮೂರನೇ ವಯಸ್ಸಿಗೆ ತೀರಿಕೊಂಡಳು. ನನಗಿಂತ ಮೂರು ವರ್ಷ ದೊಡ್ಡವಳು, ಅಷ್ಟೇ. ಅವಳ ಕೆಲಸದ ಬಗ್ಗೆ ಓದಿದ ದಿನ ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚಲಿಲ್ಲ.

ಆ ದಾರಿಯಲ್ಲೇ ಮುಂದೆ ಬಂದದ್ದು ಈಗಿನ ಈವೆಂಟ್ ಕ್ಯಾಮೆರಾ. 2008ರಲ್ಲಿ ಜ್ಯೂರಿಕ್‌ನವರು ಪ್ರಕಟಿಸಿದ ಒಂದು ಮಾದರಿಯಲ್ಲಿ ಇದ್ದದ್ದು 128 ಅಡ್ಡ, 128 ಉದ್ದ ಪಿಕ್ಸೆಲ್, ನಿಮ್ಮ ವಾಟ್ಸಾಪ್ ಡಿಪಿಗಿಂತ ಕಡೆ. ಆದರೆ ಹತ್ತು ಲಕ್ಷ ಪಟ್ಟು ಬೆಳಕಿನ ವ್ಯತ್ಯಾಸವನ್ನು ಅದು ನಿಭಾಯಿಸ್ತಿತ್ತು. ಸೆಕೆಂಡಿಗೆ ಮೂವತ್ತು ಚಿತ್ರ ತೆಗೆಯೋ ಪದ್ಧತಿಯೇ ಅದರಲ್ಲಿಲ್ಲ. ತನ್ನ ಬೆಳಕು ಬದಲಾದ ಪಿಕ್ಸೆಲ್ ಮಾತ್ರ ಆ ಕ್ಷಣಕ್ಕೆ ಕೂಗುತ್ತೆ, ಮಿಕ್ಕವು ಸುಮ್ಮನಿರ್ತವೆ. ಏನೂ ಅಲುಗದಿದ್ದರೆ ಕ್ಯಾಮೆರಾ ಮೌನ.

ಕಪ್ಪೆಯ ಕಣ್ಣೂ ಹೆಚ್ಚುಕಮ್ಮಿ ಹೀಗೇ. 1959ರಲ್ಲಿ ಜೆರೋಮ್ ಲೆಟ್ವಿನ್ ಮತ್ತು ಮೂವರು ಸಂಗಡಿಗರು ಕಪ್ಪೆಯ ಕಣ್ಣಿನ ನರದಲ್ಲಿ ಓಡೋ ಸಂಕೇತಗಳನ್ನು ಹಿಡಿದು ನೋಡಿದರು. ಹುಳುವಿನಷ್ಟು ಸಣ್ಣ, ಕಪ್ಪು, ಅಲುಗೋ ಚುಕ್ಕೆಗೆ ಮಾತ್ರ ಎಚ್ಚರವಾಗೋ ತಂತುಗಳು ಅಲ್ಲಿದ್ದವು. ಸುತ್ತ ಸತ್ತ ನೊಣಗಳನ್ನು ರಾಶಿ ಹಾಕಿದರೂ ಅವು ಅಲುಗದಿದ್ದರೆ ಕಪ್ಪೆ ಉಪವಾಸ ಸಾಯುತ್ತೆ.

ನಾವೂ ಅಷ್ಟೊಂದು ದೂರ ಇಲ್ಲ. 1950ರ ದಶಕದಲ್ಲಿ ಕೆಲವರು ಕಾಂಟ್ಯಾಕ್ಟ್ ಲೆನ್ಸಿಗೆ ಕನ್ನಡಿ ಅಂಟಿಸಿ, ಕಣ್ಣು ಎತ್ತ ಅಲುಗಿದರೆ ಚಿತ್ರವೂ ಅತ್ತಲೇ ಅಲುಗೋ ಹಾಗೆ ಮಾಡಿದರು. ಅಂದರೆ ರೆಟಿನಾದ ಲೆಕ್ಕದಲ್ಲಿ ಚಿತ್ರ ಪೂರ್ತಿ ಸ್ಥಿರ. ಕೆಲವೇ ಸೆಕೆಂಡಿನಲ್ಲಿ ಆ ಚಿತ್ರ ಮಂಕಾಗಿ ಅಳಿಸಿಹೋಯ್ತು! ನೀವು ಇದನ್ನು ಓದುವಾಗಲೂ ನಿಮ್ಮ ಕಣ್ಣು ಅತಿ ಸಣ್ಣದಾಗಿ ನಡುಗ್ತಾನೇ ಇದೆ. ನಡುಗದೆ ಇದ್ದರೆ ಈ ಸಾಲೇ ಮಾಯವಾಗೋದು. ಬದಲಾಗದ್ದನ್ನು ಕಣ್ಣು ಲೆಕ್ಕದಿಂದ ಕಿತ್ತುಹಾಕುತ್ತೆ. ಇದೊಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ಜೇನುಹುಳು. ಇಲ್ಲಿ ಸ್ವಲ್ಪ ನಿಲ್ಲೋಣ. ನನಗೆ ಈ ವಿಷಯದ ಹುಚ್ಚು ಹತ್ತಿದ್ದೇ ಜೇನುಹುಳದಿಂದ, ಜೊತೆಗೆ ಇದರಲ್ಲಿ ನಮ್ಮೂರಿನ ನಂಟೂ ಇದೆ. ಮಂಡ್ಯಂ ಶ್ರೀನಿವಾಸನ್ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ಆಮೇಲೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ, ಯೇಲ್‌ನಲ್ಲಿ ಪಿಎಚ್‌ಡಿ. ಕೊನೆಗೆ ಆಸ್ಟ್ರೇಲಿಯಾದಲ್ಲಿ ನೆಲೆಸಿ ಜೇನುಹುಳದ ಬೆನ್ನು ಹತ್ತಿದರು. ಎಲೆಕ್ಟ್ರಿಕಲ್ ಓದಿ ಸಾಫ್ಟ್‌ವೇರಿಗೆ ಹೋದವರು ನನ್ನ ಬ್ಯಾಚಲ್ಲಿ ಅರ್ಧಕ್ಕರ್ಧ ಇದ್ದಾರೆ. ಜೇನುಹುಳಕ್ಕೆ ಹೋದವರು ಇವರೊಬ್ಬರೇ ನನಗೆ ಗೊತ್ತಿರೋದು.

ಅವರ ತಂಡದ ಒಂದು ಪ್ರಯೋಗ ಹೀಗಿದೆ. ಎರಡು ಗೋಡೆಗಳ ನಡುವೆ ಕಿರಿದಾದ ಓಣಿ, ಗೋಡೆಗಳ ಮೇಲೆ ಕಪ್ಪು ಬಿಳುಪು ಪಟ್ಟೆ, ಆ ಕೊನೆಯಲ್ಲಿ ಸಕ್ಕರೆ ನೀರು. ಜೇನುಹುಳು ಓಣಿಯ ಸರಿಯಾಗಿ ಮಧ್ಯದಲ್ಲಿ ಹಾರಿಕೊಂಡು ಹೋಗುತ್ತೆ. ಅದರ ಎರಡು ಕಣ್ಣುಗಳು ತೀರಾ ಹತ್ತಿರ ಇವೆ, ನಮ್ಮ ಹಾಗೆ ಎರಡು ಕಣ್ಣಿನ ವ್ಯತ್ಯಾಸದಿಂದ ದೂರ ಅಳೆಯೋಕೆ ಆಗಲ್ಲ. ಹಾಗಿದ್ದರೆ ಮಧ್ಯ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಈಗ ಒಂದು ಗೋಡೆಯ ಪಟ್ಟೆಗಳನ್ನು ಹುಳು ಹಾರೋ ದಿಕ್ಕಿಗೇ ಓಡಿಸಿ ನೋಡಿದರು. ಹುಳು ಮಧ್ಯ ಬಿಟ್ಟು ಆ ಗೋಡೆಯ ಕಡೆ ವಾಲಿತು. ಬಸ್ಸಿನ ಕಿಟಕಿ ಪಕ್ಕ ಕೂತಾಗ ಹತ್ತಿರದ ಮರ ಸರ್ರನೆ ಹಿಂದಕ್ಕೆ ಹೋಗುತ್ತೆ, ದೂರದ ಬೆಟ್ಟ ನಿಧಾನಕ್ಕೆ ಸರಿಯುತ್ತೆ ಅಲ್ವಾ? ಹುಳುವಿಗೆ ಗೊತ್ತಿರೋದು ಅಷ್ಟೇ ಗಣಿತ. ಎಡಗಣ್ಣಲ್ಲೂ ಬಲಗಣ್ಣಲ್ಲೂ ಒಂದೇ ವೇಗದಲ್ಲಿ ಲೋಕ ಹಿಂದೆ ಓಡ್ತಾ ಇದ್ದರೆ ನಾನು ಮಧ್ಯದಲ್ಲಿದ್ದೀನಿ. ಒಂದು ಕಡೆ ನಿಧಾನವಾದರೆ ಆ ಕಡೆ ಜಾಗ ಇದೆ ಅಂತ ಅರ್ಥ, ಅತ್ತ ಸರಿಯೋಣ.

ಇಳಿಯೋದೂ ಹಾಗೇ. ನೆಲದ ಮೇಲೆ ಇಳಿಯುವಾಗ ಕಣ್ಣಲ್ಲಿ ನೆಲ ಓಡೋ ವೇಗವನ್ನು ಬದಲಾಗದ ಹಾಗೆ ಇಟ್ಟುಕೊಳ್ಳುತ್ತೆ. ಕೆಳಗೆ ಬಂದಷ್ಟೂ ನೆಲ ಜೋರಾಗಿ ಓಡಿದ ಹಾಗೆ ಕಾಣುತ್ತಾದ್ದರಿಂದ, ಅದನ್ನು ಸ್ಥಿರವಾಗಿಡೋಕೆ ತಾನೇ ನಿಧಾನ ಮಾಡಬೇಕಾಗುತ್ತೆ. ನೆಲ ಮುಟ್ಟೋ ಹೊತ್ತಿಗೆ ವೇಗ ಹೆಚ್ಚುಕಮ್ಮಿ ಸೊನ್ನೆ. ಎತ್ತರ ಎಷ್ಟು, ವೇಗ ಎಷ್ಟು ಎರಡೂ ಅದಕ್ಕೆ ಗೊತ್ತಿಲ್ಲ, ಬೇಕಾಗೂ ಇಲ್ಲ. ಒಂದು ಮಿಲಿಗ್ರಾಂ ತೂಗೋ ಮೆದುಳು, ಸುಮಾರು ಹತ್ತು ಲಕ್ಷ ನರಕೋಶ. ನಮ್ಮ ರೋಬೋಟಿನ ಪ್ರೊಸೆಸರ್ ಬಿಸಿಯಾಗಿ ಅದಕ್ಕೊಂದು ಫ್ಯಾನ್ ಹಾಕಿದ್ದೀವಿ. ಈ ಉಪಾಯಗಳನ್ನು ಸಣ್ಣ ವಿಮಾನಗಳಿಗೆ, ಡ್ರೋನುಗಳಿಗೆ ಅಳವಡಿಸಿದ್ದಾರೆ, ಕೆಲಸ ಮಾಡಿದೆ ಕೂಡ.

ಹೀಗೆ ಓದ್ತಾ ಓದ್ತಾ ನನಗೂ ಏನೋ ಮಾಡಬೇಕು ಅನ್ನಿಸ್ತು. ಹೊಸ ಕ್ಯಾಮೆರಾ ಕೊಳ್ಳೋಕೆ ಬಜೆಟ್ ಇಲ್ಲ ಅಂದರು. ಇರೋ ಕ್ಯಾಮೆರಾದ ಮೇಲೆ ಸಾಫ್ಟ್‌ವೇರಿನಲ್ಲೇ ರೆಟಿನಾದ ಒಂದು ಬಡ ಸಂಬಂಧಿಯನ್ನು ಕಟ್ಟಿದೆ. ಚಿತ್ರವನ್ನು 768 ಚೌಕಗಳಾಗಿ ಹಂಚೋದು. ಪ್ರತಿ ಚೌಕವೂ ತನ್ನ ಅಕ್ಕಪಕ್ಕದ ಸರಾಸರಿ ನೋಡಿ, ತಾನು ಹಿಂದೆ ಕಂಡದ್ದನ್ನೂ ನೋಡಿ, ತನ್ನ ಸೂಕ್ಷ್ಮತೆಯನ್ನು ತಾನೇ ಏರಿಸಿ ಇಳಿಸಿಕೊಳ್ಳೋದು. ಯಾವುದಾದರೂ ಚೌಕದಲ್ಲಿ ಸಂಕೇತ ತುಂಬಾ ದುರ್ಬಲವಾಗಿದ್ದರೆ ಪಕ್ಕದ ಚೌಕಗಳಿಂದ ಊಹಿಸಿ ತುಂಬೋದು. ಶಟರ್ ಬಾಗಿಲಿನ ಸಮಸ್ಯೆ ಬಹುಪಾಲು ಹೋಯ್ತು. ನನಗೆ ಆ ವರ್ಷದ ಅಪ್ರೈಸಲ್ ಚೆನ್ನಾಗಾಯ್ತು, ಒಂದು ಗಾಜಿನ ಫಲಕವನ್ನೂ ಕೊಟ್ಟರು.

ಎರಡು ವರ್ಷ ಯಾವ ದೂರೂ ಬರಲಿಲ್ಲ. ಡ್ಯಾಶ್‌ಬೋರ್ಡ್ ತುಂಬ ಹಸಿರು.

ಈ ವರ್ಷ ಮಾರ್ಚಿನಲ್ಲಿ ಒಂದು ಗೋಡೌನಿನಲ್ಲಿ ನಮ್ಮ ರೋಬೋಟು ಎಡಗಡೆ ನಿಂತಿದ್ದ ಕಬ್ಬಿಣದ ಏಣಿಗೆ ಹೋಗಿ ಗುದ್ದಿತು. ಬಂಪರಿನಲ್ಲಿ ಸ್ವಿಚ್ ಇರೋದರಿಂದ ತಗುಲಿದ ಕೂಡಲೇ ನಿಂತಿತು, ಆದರೆ ಮೇಲಿದ್ದ ಲೋಡ್ ನಿಲ್ಲಬೇಕಲ್ಲ. ಊದುಬತ್ತಿ ಪೆಟ್ಟಿಗೆಗಳೆಲ್ಲ ನೆಲಕ್ಕೆ. ನಾವು ಹೋಗೋ ಹೊತ್ತಿಗೆ ಇಡೀ ಗೋಡೌನು ಮಲ್ಲಿಗೆ ವಾಸನೆ ಹೊಡೀತಿತ್ತು. ಏಣಿ ಮೇಲೆ ನಿಂತು ಟ್ಯೂಬ್‌ಲೈಟ್ ಬದಲಾಯಿಸ್ತಿದ್ದ ಹುಡುಗ ಐದು ನಿಮಿಷ ಮುಂಚೆ ಟೀ ಕುಡಿಯೋಕೆ ಇಳಿದಿದ್ದನಂತೆ. ಅವನೇ ಬಂದು ನಗ್ತಾ ಹೇಳಿದ, "ಟೀ ಉಳಿಸ್ತು ಮೇಡಂ." ನನಗೆ ನಗೋಕೆ ಆಗಲಿಲ್ಲ.

ರಾತ್ರಿಯೆಲ್ಲ ಲಾಗ್ ತೆಗೆದು ನೋಡಿದ್ವಿ. ಎಡ ಕ್ಯಾಮೆರಾದ ಗಾಜಿನ ಕೆಳಭಾಗದಲ್ಲಿ ಧೂಳು ಕೂತಿತ್ತು. ಒಂದೇ ದಿನ ಕೂತಿದ್ದಲ್ಲ, ತಿಂಗಳುಗಟ್ಟಲೆ ತೆಳ್ಳಗೆ, ಪದರ ಪದರವಾಗಿ. ಧೂಳು ಕೂತ ಹಾಗೆಲ್ಲ ಅಲ್ಲಿನ ಚೌಕಗಳು "ಬೆಳಕು ಕಮ್ಮಿಯಾಯ್ತು" ಅಂದ್ಕೊಂಡು ಸೂಕ್ಷ್ಮತೆಯನ್ನು ಒಂದಿಷ್ಟು ಏರಿಸಿಕೊಂಡಿವೆ. ಮತ್ತಷ್ಟು ಧೂಳು, ಮತ್ತಷ್ಟು ಏರಿಕೆ. ಕೊನೆಗೆ ಏರಿಸೋಕೆ ಜಾಗ ಇಲ್ಲದಾಗ ಅಕ್ಕಪಕ್ಕದಿಂದ ಊಹೆ ಮಾಡಿ ತುಂಬೋಕೆ ಶುರು ಮಾಡಿವೆ. ಅಕ್ಕಪಕ್ಕ ಇದ್ದದ್ದು ಖಾಲಿ ಸಿಮೆಂಟ್ ನೆಲ. ಹಾಗಾಗಿ ಏಣಿ ಇದ್ದ ಕಡೆ ರೋಬೋಟಿಗೆ ಕಂಡದ್ದು ನುಣುಪಾದ, ಖಾಲಿ ನೆಲ. ಮಧ್ಯದಲ್ಲಿ ಎಲ್ಲವೂ ಸ್ಪಷ್ಟ. ಬಾರ್‌ಕೋಡ್ ಓದೋದರಲ್ಲಿ ಒಂದು ತಪ್ಪಿಲ್ಲ. ಯಾವ ಎಚ್ಚರಿಕೆಯೂ ಬರಲಿಲ್ಲ, ಯಾಕಂದರೆ ಕೋಡ್ ಕೆಟ್ಟೇ ಇರಲಿಲ್ಲ. ನಾನು ಬರೆದ ಹಾಗೇ, ಸೊಗಸಾಗಿ, ಕೆಲಸ ಮಾಡ್ತಿತ್ತು.

ಸಾದಾ ಕ್ಯಾಮೆರಾ ಆಗಿದ್ದರೆ ಎರಡನೇ ತಿಂಗಳಲ್ಲೇ ಚಿತ್ರ ಮಂಕಾಗಿ, ಯಾರೋ ಗೊಣಗಿಕೊಂಡು ಬಟ್ಟೆ ತಗೊಂಡು ಒರೆಸಿರೋರು.

ಆ ಸೂಕ್ಷ್ಮತೆಯ ಅಂಕಿಗಳನ್ನೆಲ್ಲ ಒಂದು ಚಿತ್ರವಾಗಿ ಬರೆಸಿದೆ. 768 ಚೌಕ, ಚೆನ್ನಾಗಿರೋದು ಬಿಳಿ, ಒದ್ದಾಡ್ತಿರೋದು ಬೂದು, ಕೈಬಿಟ್ಟದ್ದು ಕಪ್ಪು. ಎಡ ಕೆಳಮೂಲೆಯಿಂದ ಮಧ್ಯದ ಕಡೆ ಕಪ್ಪು ಹರಡಿಕೊಂಡು ಬಂದಿತ್ತು. ಪ್ರಿಂಟ್ ತೆಗೆದು ಡೆಸ್ಕಿನ ಮುಂದೆ ಅಂಟಿಸಿಕೊಂಡೆ, ಅವಮಾನ ನೆನಪಿರಲಿ ಅಂತ.

ಅದಾಗಿ ಮೂರು ವಾರಕ್ಕೆ ಯುಗಾದಿಗೆ ತಿಪಟೂರಿಗೆ ಹೋದೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ರಿಟೈರ್ ಆದವರು. ಸ್ಕೂಟರಿನ ಎಡಗಡೆ ಉದ್ದಕ್ಕೂ ಗೀರು. "ಗೇಟಿಗೆ ತಾಗಿಸಿದ್ರು, ಇದು ಮೂರನೇ ಸಲ," ಅಂದಳು ಅಮ್ಮ. ನಾನು ಬೈದೆ. "ನೋಡ್ಕೊಂಡು ಓಡಿಸಬಾರ್ದಾ ಅಪ್ಪ? ಅಷ್ಟು ಅಗಲ ಗೇಟು." ಅಪ್ಪ, "ಗೇಟು ಸ್ವಲ್ಪ ವಾಲಿದೆ ಪುಟ್ಟಿ, ಗಾರೆಯವನಿಗೆ ಹೇಳಬೇಕು," ಅಂದರು. ಎದುರುಮನೆ ಆಂಟಿ ಅಮ್ಮನ ಹತ್ತಿರ ಆಡಿಕೊಂಡಿದ್ದರಂತೆ: ಮೇಷ್ಟ್ರಿಗೆ ಮಗಳು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಜಂಬ ಬಂದಿದೆ, ನಮಸ್ಕಾರ ಅಂದರೂ ತಿರುಗಿ ನೋಡಲ್ಲ. ದೇವಸ್ಥಾನದ ಮೆಟ್ಟಿಲಲ್ಲಿ ಒಂದು ಸಲ ಎಡವಿದ್ದರು. ಊಟಕ್ಕೆ ಕೂತಾಗ ಎಡಗಡೆ ಇದ್ದ ನೀರಿನ ಲೋಟ ಕೈ ತಾಗಿ ಉರುಳಿತು. ಎಲ್ಲವನ್ನೂ ನಾನು ಕೇಳಿಸಿಕೊಂಡೆ, ಲೋಟ ಉರುಳಿದ್ದನ್ನು ಕಣ್ಣಾರೆ ನೋಡಿದೆ. ವಯಸ್ಸಾಯ್ತು, ಗಮನ ಕಮ್ಮಿ ಅಂತ ನಾನೇ ಒಂದು ಅರ್ಥ ಹಚ್ಚಿ ಬೆಂಗಳೂರಿಗೆ ವಾಪಸ್ ಬಂದೆ. ನೋಡೋದೇ ನನ್ನ ಕಸುಬು, ತಿಂಗಳ ಸಂಬಳ ಅದಕ್ಕೇ ಬರೋದು.

ಕಣ್ಣು ತೋರಿಸೋಣ ಅಂದಿದ್ದು ಅಮ್ಮ. ಊರಿನ ಕನ್ನಡಕದ ಅಂಗಡಿಯಲ್ಲಿ ಅಪ್ಪ ಬೋರ್ಡಿನ ಕಟ್ಟಕಡೆಯ ಸಾಲು ಓದಿ ಬಂದಿದ್ದರು. "ಪೇಪರಿನ ಸಣ್ಣಕ್ಷರ ಕೂಡ ಓದ್ತೀನಿ, ಕಣ್ಣಿಗೇನೂ ಆಗಿಲ್ಲ," ಅಂತ ಹಟ. ಅಮ್ಮ ಬಿಡಲಿಲ್ಲ. ಜೂನಿನಲ್ಲಿ ಬೆಂಗಳೂರಿಗೆ ಕರೆಸಿ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಒತ್ತಡ ನೋಡಿದರು, ಹೆಚ್ಚಿತ್ತು. ಆಮೇಲೆ ಕಣ್ಣಿನ ಹರವು ಎಷ್ಟಿದೆ ಅಂತ ನೋಡೋ ಪರೀಕ್ಷೆ. ಒಂದು ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡ್ತಾ ಕೂರಬೇಕು. ಸುತ್ತ ಎಲ್ಲೆಲ್ಲೋ ಸಣ್ಣ ಬೆಳಕಿನ ಚುಕ್ಕೆ ಮಿನುಗುತ್ತೆ. ಕಂಡಾಗೆಲ್ಲ ಬಟನ್ ಒತ್ತಬೇಕು. ಹೊರಗೆ ಬಂದು ಅಪ್ಪ, "ತುಂಬ ಹೊತ್ತು ಏನೂ ಬರಲೇ ಇಲ್ಲ. ಮೆಷಿನ್ ನಿಧಾನ ಕಣಮ್ಮ," ಅಂದರು.

ಡಾಕ್ಟರು ಪರದೆ ಮೇಲೆ ಫಲಿತಾಂಶ ತೆರೆದರು. ಸಣ್ಣ ಸಣ್ಣ ಚೌಕಗಳು. ಬಿಳಿ, ಬೂದು, ಕಪ್ಪು. ಎಡಗಣ್ಣಿನದ್ದು ಬಹುಪಾಲು ಕಪ್ಪು, ಮಧ್ಯದಲ್ಲಿ ಒಂದು ಸಣ್ಣ ಬಿಳಿ ದ್ವೀಪ. ಬಲಗಣ್ಣಿನಲ್ಲಿ ಮೂಗಿನ ಕಡೆ, ಕೆಳಗೆ, ಕಪ್ಪು ಶುರುವಾಗಿತ್ತು. ಬಲಗಣ್ಣಿಗೆ ಮೂಗಿನ ಕಡೆ ಅಂದರೆ ಎಡಗಡೆ. ಎರಡು ಕಣ್ಣೂ ಸೇರಿ ನೋಡಿದರೂ ಎಡ ಕೆಳಭಾಗದಲ್ಲಿ ಏನೂ ಉಳಿದಿರಲಿಲ್ಲ.

ಆ ಚಿತ್ರ ನನ್ನ ಡೆಸ್ಕಿನ ಮುಂದೆ ಮೂರು ತಿಂಗಳಿಂದ ನೇತಾಡ್ತಿತ್ತು.

ಗ್ಲಾಕೋಮಾ. ಕಣ್ಣಿನ ನರದ ತಂತುಗಳು ಒಂದೊಂದಾಗಿ ಸಾಯೋ ಕಾಯಿಲೆ, ಆ 10 ಲಕ್ಷ ತಂತುಗಳು. ಸಾಮಾನ್ಯವಾಗಿ ಅಂಚಿನಿಂದ ಶುರುವಾಗುತ್ತೆ, ಬಹಳ ಜನರಿಗೆ ನೋವಿಲ್ಲ, ಕೆಂಪಾಗಲ್ಲ. ಒಂದು ಕಣ್ಣು ಕಳಕೊಂಡ ಜಾಗವನ್ನು ಇನ್ನೊಂದು ಕಣ್ಣು ತುಂಬುತ್ತೆ. ಎರಡೂ ಕಳಕೊಂಡ ಜಾಗವನ್ನು ಮೆದುಳು ಸುತ್ತಲಿನದರಿಂದ ತುಂಬುತ್ತೆ. ಓದೋಕೆ ಬೇಕಾದ ನಡುಭಾಗ ಕೊನೆವರೆಗೂ ಚೆನ್ನಾಗಿರಬಹುದು. ಬೋರ್ಡಿನ ಅಕ್ಷರ ಓದಿಸೋ ಪರೀಕ್ಷೆ ನಮ್ಮ ಬಾರ್‌ಕೋಡ್ ಪರೀಕ್ಷೆ ಇದ್ದ ಹಾಗೆ, ಇದನ್ನು ಹಿಡಿಯಲ್ಲ.

"ಎಷ್ಟು ದಿನದಿಂದ ಇದೆ ಸರ್?" ಅಂದೆ. "ವರ್ಷಗಳಿಂದ ಇರಬೇಕು. ಹೋಗಿದ್ದು ಬರಲ್ಲಮ್ಮ. ದಿನಾ ತಪ್ಪದೆ ಡ್ರಾಪ್ಸ್ ಹಾಕಿದರೆ ಇರೋದನ್ನ ಉಳಿಸಿಕೊಳ್ಳೋಕೆ ನೋಡಬಹುದು. ಸ್ಕೂಟರ್ ಬೇಡ."

ಅಪ್ಪ ಸುಮ್ಮನೆ ಕೂತಿದ್ದರು. ಆಮೇಲೆ ಕ್ಯಾಂಟೀನಿನಲ್ಲಿ ಕಾಫಿ ಕುಡೀತಾ ಮೆತ್ತಗೆ ಕೇಳಿದರು. "ಆ ಚಿತ್ರದಲ್ಲಿ ಕಪ್ಪು ಇದೆಯಲ್ಲ ಪುಟ್ಟಿ. ಹಂಗಿದ್ರೆ ನನಗೆ ಅಲ್ಲಿ ಕಪ್ಪಗೆ ಕಾಣಿಸಬೇಕಲ್ವಾ? ನನಗೆ ಎಲ್ಲೂ ಕಪ್ಪು ಕಾಣಿಸ್ತಿಲ್ವಲ್ಲ. ಎಲ್ಲಾ ಇದೆ."

ಆಗ ನಾನು ಅಪ್ಪನ ಕೈಲಿ ಹೆಬ್ಬೆರಳಿನ ಪ್ರಯೋಗ ಮಾಡಿಸಿದ್ದು. ಬಲಗಣ್ಣಿನ ಬಲಗಡೆ ಇನ್ನೂ ಚೆನ್ನಾಗಿದೆ ಅಂತ ಡಾಕ್ಟರು ಹೇಳಿದ್ದರು. ಬೆರಳು ಮಾಯವಾಯ್ತು. ಅಪ್ಪ ಮೂರು ಸಲ ಮಾಡಿ ನೋಡಿದರು. ಗಣಿತದ ಮೇಷ್ಟ್ರು, ಒಂದು ಸಲ ಆದರೆ ನಂಬಲ್ಲ. "ಅಂದ್ರೆ ಇದು ಎಲ್ಲರಿಗೂ ಇದೆ?" ಅಂದರು. "ಇಷ್ಟಗಲ ಎಲ್ಲರಿಗೂ ಇದೆ ಅಪ್ಪ." "ನನಗೆ ಸ್ವಲ್ಪ ದೊಡ್ಡದಾಗಿದೆ." "ಹೂಂ."

ಆಫೀಸಿನಲ್ಲಿ ಏನು ಮಾಡಿದ್ವಿ ಅಂತಾನೂ ಹೇಳಿಬಿಡ್ತೀನಿ. ರೋಬೋಟು ದಿನಾ ಬೆಳಿಗ್ಗೆ ಚಾರ್ಜಿಂಗ್ ಸ್ಟ್ಯಾಂಡಿನಲ್ಲಿ ಇರುವಾಗ ಅದರ ಎದುರು ಒಂದು ಕಪ್ಪು ಬಿಳುಪು ಚೌಕದ ಬೋರ್ಡ್ ನಿಲ್ಲಿಸಿದ್ದೀವಿ. ಹೊಂದಿಕೊಳ್ಳೋ ಎಲ್ಲ ಕೋಡನ್ನೂ ಬಂದ್ ಮಾಡಿ, ಬರಿಗಣ್ಣಿನಿಂದ ಅದನ್ನು ನೋಡಬೇಕು. ಮೊದಲ ದಿನ ಹೇಗೆ ಕಂಡಿತ್ತೋ ಅದಕ್ಕೆ ಹೋಲಿಸಬೇಕು. ಇನ್ನು ಪ್ರತಿ ಚೌಕಕ್ಕೂ ಒಂದು ಮಿತಿ ಹಾಕಿದ್ದೀವಿ: ಇಷ್ಟರ ಮೇಲೆ ಸೂಕ್ಷ್ಮತೆ ಏರಿಸೋ ಹಾಗಿಲ್ಲ, ಊಹಿಸೋ ಹಾಗೂ ಇಲ್ಲ, "ನನಗೆ ಕಾಣಿಸ್ತಿಲ್ಲ" ಅಂತ ಬಾಯಿಬಿಟ್ಟು ಹೇಳಬೇಕು. ಇದರಿಂದ ರೋಬೋಟುಗಳು ಮೊದಲಿಗಿಂತ ಜಾಸ್ತಿ ಸಲ ನಿಲ್ತಿವೆ. ಮ್ಯಾನೇಜರಿಗೆ ಅಸಮಾಧಾನ. ಗ್ರಾಹಕರಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣ ಇಷ್ಟ ಆಗಲ್ಲವಂತೆ. ಎರಡು ಮೀಟಿಂಗಿನಲ್ಲಿ ಜಗಳ ಆಡಿದ್ದೀನಿ, ಮೂರನೆಯದಕ್ಕೂ ತಯಾರಿದ್ದೀನಿ. ಜೀವಿಗಳಿಂದ ಕಲಿಯೋದು ಅಂದರೆ ಅವುಗಳ ಚಮತ್ಕಾರವನ್ನಷ್ಟೇ ಎತ್ತಿಕೊಂಡು ಬರೋದು ಅಂತ ನಾನೂ ತಿಳಿದಿದ್ದೆ. ಕೆಲಸದ ಜೇನುಹುಳು ಬೇಸಿಗೆಯಲ್ಲಿ ಬದುಕೋದೇ ಕೆಲವು ವಾರ. ಅದರ ಕಣ್ಣಿಗೆ ಸರ್ವೀಸಿಂಗ್ ಪುಸ್ತಕ ಬೇಕಿಲ್ಲ. ನಮ್ಮ ಮೆಷಿನ್ನು ಹತ್ತು ವರ್ಷ ಓಡಬೇಕು, ಅಪ್ಪ ತೊಂಬತ್ತು ವರ್ಷ ನೋಡಬೇಕು.

ಗ್ಲಾಕೋಮಾ ಇದ್ದವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಬರೋ ಸಾಧ್ಯತೆ ಹೆಚ್ಚು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ, ಇಲ್ಲದಿದ್ದರೂ ನಲವತ್ತು ದಾಟಿದ ಅಪ್ಪ ಅಮ್ಮ ಇದ್ದರೆ, ಬೋರ್ಡ್ ಓದಿಸಿ ಕಳಿಸೋ ಕಡೆ ನಿಲ್ಲಿಸಬೇಡಿ. ಒತ್ತಡ, ನರ ಎರಡನ್ನೂ ನೋಡೋ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಾನೂ ಹೋದೆ, ಹೋದ ತಿಂಗಳು, ಅಪ್ಪನ ಮರುಪರೀಕ್ಷೆಯ ದಿನವೇ. ನನ್ನ ಒತ್ತಡ ಸರಿಯಿತ್ತು. ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ಅದನ್ನು ಅತ್ತ ಇತ್ತ ಆಡಿಸುವಾಗ ಕತ್ತಲಲ್ಲಿ ಇದ್ದಕ್ಕಿದ್ದ ಹಾಗೆ ಒಂದು ದೊಡ್ಡ ಮರ ಕಾಣಿಸ್ತು. ಎಲೆ ಉದುರಿದ ಮರ, ಕೊಂಬೆ ಕೊಂಬೆಗೂ ಕವಲು. ಗಾಬರಿಯಾಗಿ ಹೇಳಿದೆ. "ಅದು ನಿಮ್ಮದೇ ರೆಟಿನಾದ ರಕ್ತನಾಳದ ನೆರಳು," ಅಂದರು. ರಕ್ತನಾಳಗಳು ಬೆಳಕು ಹಿಡಿಯೋ ಕೋಶಗಳ ಮುಂದೆಯೇ ಹರಡಿಕೊಂಡಿವೆ. ನೆರಳು ಯಾವಾಗಲೂ ಬೀಳ್ತಾನೇ ಇರುತ್ತೆ, ಆದರೆ ಅಲುಗಲ್ಲವಲ್ಲ, ಹಾಗಾಗಿ ಕಣ್ಣು ಅದನ್ನು ಲೆಕ್ಕದಿಂದ ತೆಗೆದುಹಾಕಿರುತ್ತೆ. ಬೆಳಕನ್ನು ಬೇರೆ ದಿಕ್ಕಿನಿಂದ ಆಡಿಸಿದಾಗ ನೆರಳು ಜರುಗುತ್ತೆ, ಆಗ ಮಾತ್ರ ಕಾಣಿಸುತ್ತೆ. ಪುರ್ಕಿನ್ಯೆ ಅನ್ನೋ ಚೆಕ್ ವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲೇ ಇದನ್ನು ವಿವರಿಸಿದ್ದ. ಓದಿದ್ದೆ, ನೋಡಿರಲಿಲ್ಲ. ಡಾಕ್ಟರು ಬೆಳಕು ನಿಲ್ಲಿಸಿದರು. ಮರ ಕರಗಿತು.

ಹೊರಗೆ ಬೆಂಚಿನ ಮೇಲೆ ಅಪ್ಪ ಪೇಪರ್ ಓದ್ತಾ ಕೂತಿದ್ದರು. ಮರದ ವಿಷಯ ಹೇಳಿದೆ.

"ನನಗೂ ಕಾಣಿಸ್ತು," ಅಂದರು. "ಮೊದಲ ಸಲ ಬಂದಾಗ್ಲೇ."

"ಮತ್ತೆ ಹೇಳಲೇ ಇಲ್ಲ?"

"ಇರೋದೇ ಸಾಕಾಗಿದೆ, ಅದೊಂದು ಬೇರೆ ಕಾಯಿಲೆ ಅಂತಾರೇನೋ ಅಂತ ಸುಮ್ನಿದ್ದೆ," ಅಂದರು. ಪೇಪರ್ ಮಡಚಿ ಎದ್ದರು. "ಚೆನ್ನಾಗಿತ್ತು ಅಲ್ವಾ? ನಮ್ಮ ಸ್ಕೂಲ್ ಹಿಂದೆ ಹುಣಸೆಮರ ಇತ್ತಲ್ಲ, ಹಂಗೇ."